ತೋಟದ ಕೆಲಸಕ್ಕೆ ಎಟಿವಿ: ಷೋರೂಮಿಗೆ ಹೋಗುವ ಮೊದಲು ಟೇಪು ಹಿಡಿದು ತೋಟ ಸುತ್ತಿ

ಎಟಿವಿ ಅಂದರೆ ಬೈಕಿನ ಹಾಗೆ ಹ್ಯಾಂಡಲ್ ಇರುವ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ. ಅದನ್ನು ಕೊಂಡ ಮಲೆನಾಡಿನ ಅಡಿಕೆ, ಕಾಫಿ ತೋಟದವರ ದೂರುಗಳು ಹೆಚ್ಚುಕಡಿಮೆ ಮೂರೇ. ಸಂಕದ (ಹಳ್ಳ ದಾಟುವ ಕಿರುಸೇತುವೆಯ) ಮೇಲೆ ಗಾಡಿ ಹಿಡಿಸಲಿಲ್ಲ. ರಸ್ತೆಗೆ ಇಳಿಸೋಣ ಅಂದರೆ ಕಾಗದ ಇಲ್ಲ. ಹೊರೆ ಹೇರಿ ಇಳಿಜಾರಿಗೆ ಬಿಟ್ಟರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ.

ಮೂರೂ ದುಡ್ಡು ಕೊಡುವ ಮೊದಲೇ ಗೊತ್ತುಮಾಡಿಕೊಳ್ಳಬಹುದಾದ ವಿಷಯಗಳು. ಆದರೆ ನಾವು ಮಾಡುವುದು ಉಲ್ಟಾ. ಮೊದಲು ಗಾಡಿ ನೋಡಿ ಮರುಳಾಗುತ್ತೇವೆ, ಆಮೇಲೆ ಅದಕ್ಕೆ ಕೆಲಸ ಹುಡುಕುತ್ತೇವೆ. ನಾನೂ ಹಾಗೇ ಮಾಡಿದವನು, ಆ ಕಥೆ ಮುಂದೆ ಬರುತ್ತದೆ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಮೊದಲ ನಾಲ್ಕು ಮುಗಿಯುವ ತನಕ ಯಾವ ಕಂಪನಿಯ ಗಾಡಿಯನ್ನೂ ನೋಡಲು ಹೋಗಬೇಡಿ.

ಬೇಕಾಗುವ ಸಾಮಾನು

ಐದು ಮೀಟರಿನ ಟೇಪು, ಒಂದು ಮೀಟರ್ ಉದ್ದದ ನೇರವಾದ ಮರದ ರೀಪು (ಪಟ್ಟಿ), ಮೇಸ್ತ್ರಿಗಳು ಇಟ್ಟುಕೊಳ್ಳುವ ರಸಮಟ್ಟ, ಒಂದು ತೂಕದ ಕಾಟಾ, ಒಂದು ನೋಟ್‌ಬುಕ್. ಗಾಡಿ ಬಂದ ಮೇಲೆ ಕಡಿಮೆ ಒತ್ತಡ ಅಳೆಯುವ ಟೈರ್ ಗೇಜ್ ಒಂದು ಬೇಕು. ಅದು ಯಾಕೆ ಅಂತ ಕೊನೆಯ ಹಂತದಲ್ಲಿ ಹೇಳುತ್ತೇನೆ.

## ಹಂತ 1: ಕೆಲಸದ ಪಟ್ಟಿ ಮಾಡಿ, ತೂಕದ ಸಮೇತ

"ಗೊಬ್ಬರ ಸಾಗಿಸೋಕೆ" ಅಂತ ಬರೆದರೆ ಪ್ರಯೋಜನ ಇಲ್ಲ. ಎಷ್ಟು ಕೆಜಿ, ಎಲ್ಲಿಂದ ಎಲ್ಲಿಗೆ, ವರ್ಷಕ್ಕೆ ಎಷ್ಟು ದಿನ ಅಂತ ಬರೆಯಿರಿ. ಯೂರಿಯಾ ಚೀಲ 45 ಕೆಜಿ, ಡಿಎಪಿ 50 ಕೆಜಿ. ಹಸಿ ಅಡಿಕೆ ಚೀಲವನ್ನು ಅಂದಾಜಿಗೆ ಬಿಡಬೇಡಿ, ಕೊನೆಕೊಯ್ಲಿನ ದಿನ ನಾಲ್ಕು ಚೀಲ ಕಾಟಾಕ್ಕೆ ಹಾಕಿ ನೋಡಿ. ಕಾಫಿ ಹಣ್ಣಿನ ಚೀಲಕ್ಕೂ ಅಷ್ಟೇ, ಅದು ತುಂಬುವವರ ಕೈ ನೋಡಿಕೊಂಡು ಬದಲಾಗುತ್ತದೆ.

ಔಷಧಿ ಹೊಡೆಯುವುದನ್ನು ಬೇರೆ ಬರೆಯಿರಿ. ಅಡಿಕೆಯ ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ನಾವೆಲ್ಲ ಬಳಸುವುದು 200 ಲೀಟರಿನ ಡ್ರಮ್ಮು. ತುಂಬಿದ ಡ್ರಮ್ಮು 200 ಕೆಜಿ ದಾಟುತ್ತದೆ, ಅದರ ಮೇಲೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪಿನ ತೂಕ ಬೇರೆ. ಇದನ್ನು ಯಾವ ಎಟಿವಿಯ ಬೆನ್ನ ಮೇಲೂ ಹೇರಲು ಆಗುವುದಿಲ್ಲ.

ಪಟ್ಟಿ ಮುಗಿದ ಮೇಲೆ, ವರ್ಷಕ್ಕೆ 15 ದಿನಕ್ಕಿಂತ ಕಡಿಮೆ ಇರುವ ಕೆಲಸಗಳ ಮೇಲೆ ಗೆರೆ ಎಳೆಯಿರಿ. ಅವುಗಳಿಗೆ ಬಾಡಿಗೆ ಗಾಡಿ ಸಾಕು.

## ಹಂತ 2: ತೋಟ ಅಳೆಯಿರಿ

ಇದಕ್ಕೆ ಅರ್ಧ ದಿನ ಬೇಕು. ಮಳೆಗಾಲದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು, ಎಲ್ಲಿ ಕೆಸರು ಅಂತ ಕಣ್ಣಿಗೇ ಕಾಣುತ್ತದೆ.

ಅಗಲ. ಕೆಲಸದ ಎಟಿವಿಯ ಅಗಲ ಸುಮಾರು 4 ಅಡಿ. ಅಕ್ಕಪಕ್ಕ ಇಬ್ಬರು ಕೂರುವ, ಸ್ಟೇರಿಂಗ್ ಇರುವ, ಹಿಂದೆ ಡಬ್ಬಿ ಇರುವ ಯುಟಿವಿ ಸುಮಾರು 5 ಅಡಿ. ಅಡಿಕೆಯನ್ನು 9 ಅಡಿ ಅಂತರದಲ್ಲಿ ಹಾಕಿದ್ದರೆ ಲೆಕ್ಕದಲ್ಲಿ ಎರಡೂ ಹೋಗಬೇಕು. ಆದರೆ ನಡುವೆ ಬಾಳೆ ಇದೆ, ಕೋಕೋ ಇದೆ, ಮರಕ್ಕೆ ಕಾಳುಮೆಣಸು ಹಬ್ಬಿದೆ, ಸ್ಪ್ರಿಂಕ್ಲರ್ ಕಂಬ ಬೇರೆ. ಹಾಗಾಗಿ ಮರದಿಂದ ಮರಕ್ಕೆ ಅಳೆಯಬೇಡಿ. ಅತೀ ಇಕ್ಕಟ್ಟಾದ ಜಾಗದಲ್ಲಿ ನಿಜವಾಗಿ ಖಾಲಿ ಇರುವುದೆಷ್ಟು ಅಂತ ಅಳೆಯಿರಿ. ಎರಡೂ ಬದಿಗೆ ಒಂದೊಂದು ಅಡಿ ಉಳಿಯಬೇಕು.

ಸಂಕ. ಬಸಿಗಾಲುವೆ, ಹಳ್ಳ ದಾಟುವ ಪ್ರತಿಯೊಂದು ಸಂಕದ ಅಗಲ ಬರೆದುಕೊಳ್ಳಿ. ಅಡಿಕೆ ದಬ್ಬೆಯ (ಸೀಳಿದ ಮರದ) ಸಂಕ ಮನುಷ್ಯರಿಗೆ ಮಾತ್ರ. ಬರೇ ಗಾಡಿಯೇ 300ರಿಂದ 400 ಕೆಜಿ, ಅದರ ಮೇಲೆ ಸವಾರ, ಹೊರೆ. ನಮ್ಮ ನೆಂಟರೊಬ್ಬರು ಗಾಡಿ ತಂದು ಮನೆಮುಂದೆ ನಿಲ್ಲಿಸಿದ ದಿನವೇ ಲೆಕ್ಕ ಹಾಕಿದರು: ತೋಟಕ್ಕೆ ಹೋಗುವ ದಾರಿಯಲ್ಲಿ ಏಳು ಸಂಕ, ಯಾವುದೂ ಮೂರೂವರೆ ಅಡಿಗಿಂತ ಅಗಲ ಇಲ್ಲ. ಆ ವರ್ಷದ ಬೇಸಿಗೆಯೆಲ್ಲ ಕಾಂಕ್ರೀಟ್ ಹಲಗೆ ಹಾಕಿಸುವುದರಲ್ಲೇ ಹೋಯಿತು. ಸಂಕದ ಖರ್ಚೂ ಗಾಡಿಯ ಖರ್ಚೇ, ಬಜೆಟ್ಟಿಗೆ ಸೇರಿಸಿಕೊಳ್ಳಿ.

ಇಳಿಜಾರು. ರೀಪಿನ ಒಂದು ತುದಿಯನ್ನು ಮೇಲಿನ ನೆಲಕ್ಕೆ ಒತ್ತಿ ಹಿಡಿಯಿರಿ. ರಸಮಟ್ಟ ಇಟ್ಟು ರೀಪನ್ನು ಸಮ ಮಾಡಿ. ಕೆಳಗಿನ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಅಳೆಯಿರಿ. 27 ಬಂದರೆ ಇಳಿಜಾರು 15 ಡಿಗ್ರಿ, 36 ಬಂದರೆ 20, 47 ಬಂದರೆ 25.

ಪೋಲಾರಿಸ್‌ನಂತಹ ಕಂಪನಿಗಳ ಕೈಪಿಡಿಯಲ್ಲಿ 25 ಡಿಗ್ರಿಗಿಂತ ಕಡಿದಾದ ಕಡೆ ಹತ್ತಿಸಬೇಡಿ ಅಂತಲೂ, ಟ್ರೇಲರ್ ಕಟ್ಟಿದ್ದರೆ 15 ಡಿಗ್ರಿ ದಾಟಬೇಡಿ ಅಂತಲೂ ಇದೆ. ನಿಮ್ಮ ದಾರಿಯಲ್ಲಿ ಒಂದೇ ಕಡೆ 27 ಸೆಂಟಿಮೀಟರ್ ದಾಟಿದರೂ ಆ ದಾರಿಗೆ ಟ್ರೇಲರ್ ಇಲ್ಲ ಅಂತ ಬರೆದುಬಿಡಿ, ಅಥವಾ ಜೆಸಿಬಿ ತರಿಸಿ ಸುತ್ತು ದಾರಿ ತೆಗೆಸಿ. ಅಡ್ಡ ಇಳಿಜಾರನ್ನೂ ಅಳೆಯಿರಿ. ಗುಡ್ಡದ ಧರೆ ಕಡಿದು ಮಾಡಿದ ದಾರಿಗಳು ಸಾಮಾನ್ಯವಾಗಿ ಹೊರಗಡೆಗೆ ವಾಲಿರುತ್ತವೆ. ಎಟಿವಿ ಮಗುಚುವುದು ಹೆಚ್ಚಾಗಿ ಇಂಥ ಕಡೆಯೇ.

ತಿರುವು. ಎಷ್ಟೋ ಎಟಿವಿಗಳಲ್ಲಿ ಹಿಂದಿನ ಎರಡು ಚಕ್ರ ಒಟ್ಟಿಗೇ ತಿರುಗುತ್ತವೆ. ಇಕ್ಕಟ್ಟಿನಲ್ಲಿ ತಿರುಗಿಸಿದರೆ ಒಳಗಿನ ಚಕ್ರ ಮಣ್ಣು ಕೆರೆಯುತ್ತದೆ. ದಿನಾ ಅದೇ ಜಾಗದಲ್ಲಿ ತಿರುಗಿಸಿದರೆ ಅಡಿಕೆ ಬೇರು ಮೇಲೆ ಬರುತ್ತದೆ. ಹಾಗಾಗಿ ತಿರುಗಿಸುವ ಜಾಗ ಯಾವುದು ಅಂತ ಮೊದಲೇ ಗೊತ್ತುಮಾಡಿ.

## ಹಂತ 3: ನಿಮಗೆ ಬೇಕಾಗಿರುವುದು ಎಟಿವಿಯೇ ಅಲ್ವಾ, ನೋಡಿ

ಈಗ ಎರಡೂ ಪಟ್ಟಿ ಪಕ್ಕಪಕ್ಕ ಇಡಿ.

ದೂರ ಕಡಿಮೆ, ದಾರಿ ಇಕ್ಕಟ್ಟು, ಚೀಲ ಜಾಸ್ತಿ ಅಂದರೆ ಎಂಜಿನ್ ಇರುವ ಕೈಗಾಡಿ ಅಥವಾ ರಬ್ಬರ್ ಪಟ್ಟಿಯ ಮೇಲೆ ಹೋಗುವ ಸಣ್ಣ ಸಾಗಣೆ ಯಂತ್ರ ಸಾಕು. ನಿಧಾನ ಹೋಗುತ್ತದೆ, ಆದರೆ ನೀವು ಹಿಂದೆ ನಡೆಯುತ್ತಿರುತ್ತೀರಿ, ಮಗುಚಿದರೂ ಮೇಲೆ ಬೀಳುವುದಿಲ್ಲ. ಉಳುಮೆ, ರೋಟರಿ, ಟ್ರೇಲರ್ ಎಲ್ಲವೂ ಬೇಕು, ನೆಲ ಮಟ್ಟವಾಗಿದೆ ಅಂದರೆ ಮಿನಿ ಟ್ರ್ಯಾಕ್ಟರ್. ಎಟಿವಿಯಲ್ಲಿ ಪಿಟಿಒ (ಎಂಜಿನ್ನಿನ ಶಕ್ತಿಯಿಂದ ರೋಟರಿಯಂಥ ಉಪಕರಣ ತಿರುಗಿಸುವ ಶಾಫ್ಟು) ಇರುವುದಿಲ್ಲ ಅನ್ನುವುದನ್ನು ಎಷ್ಟೋ ಜನ ಮನೆಗೆ ತಂದ ಮೇಲೆ ಕೇಳುತ್ತಾರೆ!

ಎಟಿವಿ ನಿಜವಾಗಿ ಲಾಭ ಕೊಡುವುದು ತೋಟ ಚದುರಿಕೊಂಡಿರುವವರಿಗೆ. ಮನೆಯಿಂದ ತೋಟಕ್ಕೆ ಒಂದೆರಡು ಕಿಲೋಮೀಟರ್, ದಿನಕ್ಕೆ ನಾಲ್ಕು ಸಲ ಓಡಾಟ, ಪ್ರತಿ ಸಲ 40-60 ಕೆಜಿ ಸಾಮಾನು, ದಾರಿ ಕೆಸರು, ಅಂಥವರಿಗೆ. ದಿನಾ ಇಬ್ಬರು ಹೋಗಬೇಕು ಅಂದರೆ ಯುಟಿವಿ ನೋಡಿ. ಒಬ್ಬರೇ ಕೂರುವ ಎಟಿವಿಯ ಹಿಂದಿನ ಕ್ಯಾರಿಯರ್ ಮೇಲೆ ಆಳನ್ನು ಕೂರಿಸಿಕೊಂಡು ಏರು ಹತ್ತಿಸುವುದು ಗಾಡಿಯನ್ನು ಹಿಂದಕ್ಕೆ ಮಗುಚಿ ಮೈಮೇಲೆ ಕೆಡವಿಕೊಳ್ಳುವ ಸುಲಭದ ದಾರಿ.

ಸಹಾಯಧನದ ಆಸೆ ಇದ್ದರೆ ನೀವು ಯೋಚಿಸಿರುವ ಯಂತ್ರ, ಅದೇ ಮಾಡೆಲ್, ಪಟ್ಟಿಯಲ್ಲಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ, ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿ. ಕೊಂಡ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

## ಹಂತ 4: ಕಾಗದ

ತೋಟದ ಎರಡು ತುಂಡಿನ ನಡುವೆ ಪಂಚಾಯ್ತಿ ರಸ್ತೆ ಇದೆಯಾ? ಹಾಗಿದ್ದರೆ ಈ ಹಂತ ನಿಮಗೆ ಎಲ್ಲಕ್ಕಿಂತ ಮುಖ್ಯ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವ ಹಾಗಿಲ್ಲ, ಥರ್ಡ್ ಪಾರ್ಟಿ ವಿಮೆಯೂ ಬೇಕು. "ಬರೀ ದಾಟೋದು ತಾನೆ" ಅನ್ನುವ ವಾದ ಅಪಘಾತ ಆದ ದಿನ ನಡೆಯುವುದಿಲ್ಲ.

ನಮ್ಮಲ್ಲಿ ಮಾರುವ ಎಷ್ಟೋ ಎಟಿವಿಗಳು ಖಾಸಗಿ ಜಾಗದ ಬಳಕೆಗೆ ಮಾತ್ರ. ಕೆಲವು ಮಾಡೆಲ್‌ಗಳನ್ನು ಟ್ರ್ಯಾಕ್ಟರ್ ವರ್ಗದಲ್ಲಿ ಪ್ರಮಾಣೀಕರಿಸಿ ಮಾರಿದ್ದೂ ಇದೆ, ಪೋಲಾರಿಸ್‌ನ ಸ್ಪೋರ್ಟ್ಸ್‌ಮನ್ 570 ಟ್ರ್ಯಾಕ್ಟರ್ ಹಾಗೆ ಬಂದದ್ದು. ಅಂಗಡಿಗೆ ಫೋನ್ ಮಾಡಿ ಕೇಳಬೇಕಾದ್ದು ಒಂದೇ ಪ್ರಶ್ನೆ: "ಇದಕ್ಕೆ ಫಾರ್ಮ್ 21, ಫಾರ್ಮ್ 22 ಕೊಡ್ತೀರಾ?" ಮೊದಲನೆಯದು ಮಾರಾಟದ ಪ್ರಮಾಣಪತ್ರ, ಎರಡನೆಯದು ಗಾಡಿ ರಸ್ತೆಗೆ ಯೋಗ್ಯ ಅಂತ ತಯಾರಕರು ಕೊಡುವ ಪತ್ರ. ಉತ್ತರ "ಆಮೇಲೆ ಮಾಡಿಸಿಕೊಡೋಣ" ಅಂತ ಬಂದರೆ ಇಲ್ಲ ಅಂತಲೇ ತಿಳಿದುಕೊಳ್ಳಿ. ಹೌದು ಅಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

## ಹಂತ 5: ಗಾಡಿಯಲ್ಲಿ ಏನು ನೋಡಬೇಕು

ಎಂಜಿನ್ ಎಷ್ಟು ಸಿಸಿ ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ನನ್ನ ಲೆಕ್ಕದಲ್ಲಿ ಅದು ನಾಲ್ಕನೆಯದು.

ಮೊದಲು, ಎಂಜಿನ್ ಬ್ರೇಕಿಂಗ್. ಹೆಚ್ಚಿನ ಎಟಿವಿಗಳಲ್ಲಿ ಸ್ಕೂಟರಿನ ಹಾಗೆ ಬೆಲ್ಟಿನ ಗೇರ್. ಕೆಲವು ಗಾಡಿಗಳಲ್ಲಿ ಆಕ್ಸಿಲೇಟರ್ ಬಿಟ್ಟರೆ ಬೆಲ್ಟು ಸಡಿಲವಾಗಿ ಗಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟಂತೆ ಉರುಳುತ್ತದೆ. ಇನ್ನು ಕೆಲವದರಲ್ಲಿ ಎಂಜಿನ್ನೇ ಚಕ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಲೆನಾಡಿಗೆ ಎರಡನೆಯದೇ ಬೇಕು.

ನನ್ನ ಮೊದಲ ಗಾಡಿಗೆ ಇದು ಇರಲಿಲ್ಲ. ಅಂಗಡಿಯ ಮುಂದಿನ ಮಟ್ಟದ ಜಾಗದಲ್ಲಿ ಎರಡು ಸುತ್ತು ಹೊಡೆಸಿದ್ದರು, ನಾನು ಖುಷಿಯಾಗಿ ಅಡ್ವಾನ್ಸ್ ಕೊಟ್ಟು ಬಂದಿದ್ದೆ. ಮೊದಲ ವಾರ ಗುಡ್ಡದ ಕಾಫಿಯಿಂದ ಒಂದು ಚೀಲ ಹಣ್ಣು ಹೇರಿಕೊಂಡು ಕಣಕ್ಕೆ ಇಳಿಸಿದೆ. ಉದ್ದಕ್ಕೂ ಬ್ರೇಕ್ ಹಿಡಿದೇ ಬಂದೆ. ಅರ್ಧ ದಾರಿಗೆ ಲಿವರ್ ಮೆತ್ತಗಾಯಿತು, ಸುಟ್ಟ ವಾಸನೆ ಬಂತು. ದಾರಿ ಪಕ್ಕದ ಮಣ್ಣಿನ ದಿಬ್ಬಕ್ಕೆ ಮೂತಿ ಕೊಟ್ಟು ನಿಲ್ಲಿಸಿದೆ. ಹ್ಯಾಂಡಲ್ ಡೊಂಕಾಯಿತು, ನನಗೆ ಏನೂ ಆಗಲಿಲ್ಲ. ಏರು ಹತ್ತುತ್ತದಾ ಅಂತ ಎಲ್ಲರೂ ಪರೀಕ್ಷೆ ಮಾಡುತ್ತಾರೆ, ಇಳಿಯುತ್ತದಾ ಅಂತ ಯಾರೂ ಮಾಡುವುದಿಲ್ಲ.

ಎರಡನೆಯದು, ಲೋ ಗೇರ್ ಮತ್ತು ನಾಲ್ಕು ಚಕ್ರದ ಚಾಲನೆ. ಲೋ ಗೇರ್ ಇಲ್ಲದ ಬೆಲ್ಟಿನ ಗಾಡಿ ಹೊರೆ ಎಳೆದರೆ ಬೆಲ್ಟು ಬೇಗ ಸುಡುತ್ತದೆ. ನಾಲ್ಕು ಚಕ್ರದ ಚಾಲನೆ ಬೇಕಾದಾಗ ಹಾಕಿ, ಬೇಡದಾಗ ತೆಗೆಯುವ ಹಾಗಿರಲಿ.

ಮೂರನೆಯದು, ತಂಪು ಮಾಡುವ ವ್ಯವಸ್ಥೆ. ತೋಟದಲ್ಲಿ ಗಾಡಿ ನಿಧಾನ ಹೋಗುತ್ತದೆ, ಗಾಳಿ ಬಡಿಯುವುದಿಲ್ಲ. ರೇಡಿಯೇಟರ್ ಮತ್ತು ಫ್ಯಾನ್ ಇರುವ ಗಾಡಿಯೇ ಒಳ್ಳೆಯದು. ರೇಡಿಯೇಟರ್ ಮುಂದೆ ಕೈ ಹೋಗುವ ಜಾಗ ಇದೆಯಾ ನೋಡಿ, ಕೆಸರು ತೊಳೆಯಲು ಬೇಕು.

ಸಿಸಿ ವಿಚಾರಕ್ಕೆ ಬಂದರೆ, 400ರಿಂದ 570ರ ಆಸುಪಾಸು ತೋಟಕ್ಕೆ ಧಾರಾಳ. ರೆಸಾರ್ಟಿನಲ್ಲಿ ಪ್ರವಾಸಿಗಳನ್ನು ಸುತ್ತಾಡಿಸುವ 110, 125 ಸಿಸಿ ಗಾಡಿಗಳು ಬೆಲೆ ಕಡಿಮೆ ಅಂತ ಆಸೆ ಹುಟ್ಟಿಸುತ್ತವೆ. ಚೈನಿನಲ್ಲಿ ಹಿಂದಿನ ಚಕ್ರ ಮಾತ್ರ ತಿರುಗುವ, ಸಣ್ಣ ಚಕ್ರದ ಆಟದ ಗಾಡಿ ಅದು. ಒಂದು ಮಳೆಗಾಲ ಬಾಳಿದರೆ ಹೆಚ್ಚು.

ತಳದಿಂದ ನೆಲಕ್ಕೆ 10-11 ಇಂಚು ಇರಲಿ. ತಳಕ್ಕೆ ತಗಡಿನ ರಕ್ಷಣೆ ಇದೆಯಾ ಬಗ್ಗಿ ನೋಡಿ. ಆಕ್ಸಲ್ ತುದಿಯ ರಬ್ಬರ್ ಬೂಟು ಕಡ್ಡಿಗೆ ಸಿಕ್ಕಿ ಹರಿಯುವುದು ಕಾಫಿ ತೋಟದಲ್ಲಿ ಮಾಮೂಲು.

ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಮಾರುವ ಹೊಸ ಕೆಲಸದ ಎಟಿವಿಗಳಿಗೆ ಹಿಂದೆ ಒಂದು ಕಮಾನು ಕಡ್ಡಾಯ. ಗಾಡಿ ಮಗುಚಿದರೆ ಸವಾರ ಪೂರ್ತಿ ಅಡಿಗೆ ಸಿಕ್ಕಿಕೊಳ್ಳದಂತೆ ಅದು ಜಾಗ ಉಳಿಸುತ್ತದೆ. ಗಾಡಿಯನ್ನು ಅಡ್ಡಕ್ಕೆ 28.81 ಡಿಗ್ರಿ ವಾಲಿಸುವ ತನಕ ಎರಡು ಚಕ್ರದ ಮೇಲೆ ಏಳಬಾರದು ಅನ್ನುವ ನಿಯಮವೂ ಇದೆ. ನಿಮ್ಮ ಗಾಡಿಗೆ ಅಂಥ ಕಮಾನು ಸಿಗುತ್ತದಾ ಕೇಳಿ ನೋಡಿ. ಊರಿನ ವೆಲ್ಡಿಂಗ್ ಷಾಪಿನಲ್ಲಿ ಕಬ್ಬಿಣದ ಚಪ್ಪರ ಮಾತ್ರ ಮಾಡಿಸಬೇಡಿ. ಗಾಡಿಯ ಭಾರ ಮೇಲಕ್ಕೆ ಹೋಗಿ ಇನ್ನೂ ಬೇಗ ಮಗುಚುತ್ತದೆ.

## ಹಂತ 6: ಹೊರೆಯ ಲೆಕ್ಕ, ಕಾಗದದ ಮೇಲೆ

ಜನ ಬೆಚ್ಚಿಬೀಳುವುದು ಈ ಹಂತದಲ್ಲಿ. ಕೈಪಿಡಿಯಲ್ಲಿ ಒಟ್ಟು ಸಾಮರ್ಥ್ಯ 220 ಕೆಜಿ, ಹಿಂದಿನ ಕ್ಯಾರಿಯರ್ 80, ಮುಂದಿನದು 40 ಅಂತ ಇದೆ ಅಂದುಕೊಳ್ಳಿ.

ಆ 220ರಲ್ಲಿ ನೀವೂ ಸೇರಿದ್ದೀರಿ. ನಿಮ್ಮ ತೂಕ 75, ಕತ್ತಿ, ಹಗ್ಗ, ಕ್ಯಾನು ಸೇರಿ 10. ಉಳಿದದ್ದು 135. ಎರಡು ಯೂರಿಯಾ ಚೀಲ 90 ಕೆಜಿ, ಆರಾಮಾಗಿ ಹೋಗುತ್ತದೆ ಅಂತ ಅನಿಸುತ್ತದೆ ಅಲ್ವಾ? ಇಲ್ಲ. ಹಿಂದಿನ ಕ್ಯಾರಿಯರ್ ತಡೆಯುವುದು 80. ಮುಂದಿನದಕ್ಕೆ ಒಂದು ಪೂರ್ತಿ ಚೀಲವೂ ಹಿಡಿಯುವುದಿಲ್ಲ. ಅಂದರೆ ಒಂದು ಓಡಾಟಕ್ಕೆ ಒಂದೇ ಚೀಲ. 20 ಚೀಲಕ್ಕೆ 20 ಓಡಾಟ.

ಹಾಗಾಗಿ ಟ್ರೇಲರ್ ಬೇಕೇ ಬೇಕಾಗುತ್ತದೆ. ಕೈಪಿಡಿಯಲ್ಲಿ "500 ಕೆಜಿ ಎಳೆಯುತ್ತದೆ" ಅಂತ ಇದ್ದರೆ ಅದು ಮಟ್ಟದ ನೆಲದ ಲೆಕ್ಕ, ಅದರೊಳಗೆ ಟ್ರೇಲರಿನ ಸ್ವಂತ ತೂಕವೂ ಸೇರಿದೆ. ಟ್ರೇಲರಿನ ಮೂತಿ ಗಾಡಿಯ ಮೇಲೆ ಒತ್ತುವ ತೂಕವನ್ನು ಹಿಂದಿನ ಕ್ಯಾರಿಯರ್ ಲೆಕ್ಕದಿಂದ ಕಳೆಯಬೇಕು. ಟ್ರೇಲರ್ ತುಂಬಿ, ಮೇಲೆ ಕ್ಯಾರಿಯರನ್ನೂ ತುಂಬಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ: ಇಳಿಜಾರಿನ ದಾರಿಯಲ್ಲಿ ಟ್ರೇಲರಿನ ಒಟ್ಟು ತೂಕ ಗಾಡಿಯ ತೂಕವನ್ನು ದಾಟಬಾರದು. ದಾಟಿದರೆ ಒದ್ದೆ ಕೆಂಪು ಮಣ್ಣಿನಲ್ಲಿ ಟ್ರೇಲರೇ ಗಾಡಿಯನ್ನು ತಳ್ಳುತ್ತದೆ, ತಿರುವಿನಲ್ಲಿ ಎರಡೂ ಮಡಚಿಕೊಳ್ಳುತ್ತವೆ. ಟ್ರೇಲರ್ ಇದ್ದಾಗ ವೇಗ ಗಂಟೆಗೆ 15 ಕಿಲೋಮೀಟರಿನ ಒಳಗೆ.

ಡ್ರಮ್ಮಿನ ವಿಷಯ: ಪೂರ್ತಿ ತುಂಬಿದ ಡ್ರಮ್ಮಿಗಿಂತ ಅರ್ಧ ತುಂಬಿದ್ದು ಅಪಾಯ. ನೀರು ಒಂದೇ ಕಡೆಗೆ ನುಗ್ಗುತ್ತದೆ. ಗಿಡ್ಡ ಟ್ಯಾಂಕು, ಒಳಗೆ ಅಡ್ಡ ತಡೆ ಇರುವಂಥದ್ದು ಸಿಕ್ಕರೆ ತೆಗೆದುಕೊಳ್ಳಿ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಔಷಧಿ ಹೊಡೆದ ದಿನವೇ ಗಾಡಿ ತೊಳೆಯಿರಿ.

## ಹಂತ 7: ಪರೀಕ್ಷೆ ನಿಮ್ಮ ತೋಟದಲ್ಲೇ

ಅಂಗಡಿ ಮುಂದಿನ ಸುತ್ತಾಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಾಡಿಯನ್ನು ತೋಟಕ್ಕೆ ತರಿಸಲು ಕೇಳಿ, ಬೇಕಾದರೆ ಸಾಗಣೆ ಖರ್ಚು ನೀವೇ ಕೊಡಿ. ತರಲ್ಲ ಅಂದರೆ ಅದೇ ಮಾಡೆಲ್ ಇಟ್ಟುಕೊಂಡಿರುವ ತೋಟದವರ ಹತ್ತಿರ ಹೋಗಿ ಒಂದು ಗಂಟೆ ಓಡಿಸಿ. ಅಂಥವರು ಸುಳ್ಳು ಹೇಳುವುದಿಲ್ಲ, ಸಿಟ್ಟಿದ್ದರೆ ಬೈಯುತ್ತಲೇ ಹೇಳುತ್ತಾರೆ.

ಹೀಗೆ ಮಾಡಿ. ಮೊದಲು ಖಾಲಿ ಗಾಡಿಯಲ್ಲಿ ಎಲ್ಲ ಸಂಕ, ತಿರುವು ದಾಟಿಸಿ. ಆಮೇಲೆ ಕ್ಯಾರಿಯರಿಗೆ ಒಂದು ಚೀಲ ಮರಳು ಕಟ್ಟಿ, ಲೋ ಗೇರ್ ಹಾಕಿ, ನಿಮ್ಮ ಪಟ್ಟಿಯಲ್ಲಿ 25 ಡಿಗ್ರಿಯ ಒಳಗಿರುವ ಅತೀ ಕಡಿದಾದ ಇಳಿಜಾರಿನಲ್ಲಿ ಇಳಿಸಿ. ಆಕ್ಸಿಲೇಟರ್ ಪೂರ್ತಿ ಬಿಡಿ, ಬೆರಳು ಬ್ರೇಕಿನ ಮೇಲೇ ಇರಲಿ. ಗಾಡಿ ತಾನಾಗಿ ಮನುಷ್ಯ ನಡೆಯುವಷ್ಟು ವೇಗದಲ್ಲೇ ಉಳಿದರೆ ಸರಿ. ವೇಗ ಹೆಚ್ಚುತ್ತಾ ಹೋದರೆ ಅಲ್ಲಿಗೇ ನಿಲ್ಲಿಸಿ ಗಾಡಿ ವಾಪಸ್ ಕಳಿಸಿ. ಕೊನೆಗೆ ಏರಿನ ಅರ್ಧಕ್ಕೆ ನಿಲ್ಲಿಸಿ ಪಾರ್ಕಿಂಗ್ ಬ್ರೇಕ್ ಹಾಕಿ, ಗಾಡಿ ಜಾರುತ್ತದಾ ಅಂತ ಎರಡು ನಿಮಿಷ ನೋಡಿ.

ಗಾಡಿ ಓಡಿಸುವುದು ನೀವಾ, ಆಳಾ? ಆಳಾದರೆ ಪರೀಕ್ಷೆಗೂ ಅವರನ್ನೇ ಕೂರಿಸಿ. ದೊಡ್ಡ ಎಟಿವಿಗಳು 16 ವರ್ಷದ ಮೇಲಿನವರಿಗೆ ಮಾತ್ರ ಅಂತ ಗಾಡಿಯ ಮೇಲೇ ಅಂಟಿಸಿರುತ್ತಾರೆ. ರಜೆಗೆ ಬಂದ ಮಕ್ಕಳ ಕೈಗೆ ಕೀ ಕೊಡಬೇಡಿ.

ಹಳೇ ಗಾಡಿಯಾದರೆ ಕಿಲೋಮೀಟರ್ ಜೊತೆ ಗಂಟೆಯ ಮೀಟರನ್ನೂ ನೋಡಿ. ಗಂಟೆ ಜಾಸ್ತಿ, ಕಿಲೋಮೀಟರ್ ಕಡಿಮೆ ಇದ್ದರೆ ನಿಧಾನವಾಗಿ ಭಾರ ಎಳೆದ ಗಾಡಿ ಅಂತ ಅರ್ಥ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಎದ್ದು ಬನ್ನಿ. ಚಕ್ರವನ್ನು ಎತ್ತಿ ಅಲುಗಾಡಿಸಿ, ಕಟಕಟ ಅಂದರೆ ಬೇರಿಂಗ್ ಹೋಗಿದೆ. ಬೆಲ್ಟಿನ ಡಬ್ಬಿ ತೆರೆದು ತೋರಿಸಲು ಕೇಳಿ.

## ಹಂತ 8: ಬಿಡಿಭಾಗದ ಬೆಲೆ ಮೊದಲೇ ಕೇಳಿ

ಡ್ರೈವ್ ಬೆಲ್ಟ್, ಬ್ರೇಕ್ ಪ್ಯಾಡ್, ಏರ್ ಫಿಲ್ಟರ್, ಆಕ್ಸಲ್ ಬೂಟ್, ಒಂದು ಟೈರ್. ಈ ಐದರ ಬೆಲೆ, ಬರಲು ಎಷ್ಟು ದಿನ ಅನ್ನುವುದನ್ನು ಬರೆಸಿಕೊಳ್ಳಿ. "ಸ್ಟಾಕ್ ಇದೆ" ಅಂದರೆ ಕೈಯಲ್ಲಿ ತೋರಿಸಲು ಹೇಳಿ. ಒಂದು ಬೆಲ್ಟನ್ನು ಗಾಡಿಯ ಜೊತೆಗೇ ಕೊಂಡುಬಿಡಿ. ಕೊಯ್ಲಿನ ನಡುವೆ ಬೆಲ್ಟು ಕಿತ್ತು ಹೋದರೆ ಹತ್ತು ದಿನ ತಲೆ ಮೇಲೆ ಹೊರಬೇಕಾಗುತ್ತದೆ. ಮೆಕ್ಯಾನಿಕ್ ಮನೆಗೆ ಬರುತ್ತಾರಾ, ಅಥವಾ ಪಿಕಪ್ಪಿಗೆ ಹೇರಿ ನೀವೇ ಒಯ್ಯಬೇಕಾ ಅಂತಲೂ ಕೇಳಿ.

## ಹಂತ 9: ಮೊದಲ ತಿಂಗಳು

ಟೈರ್ ಒತ್ತಡ. ಎಟಿವಿ ಟೈರಿಗೆ ಬೇಕಾದ ಗಾಳಿ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ. ಪೆಟ್ರೋಲ್ ಬಂಕಿನ ಗೇಜಿನಲ್ಲಿ ಅಷ್ಟು ಕಡಿಮೆ ಸರಿಯಾಗಿ ತೋರುವುದೇ ಇಲ್ಲ. ಅಲ್ಲಿನ ಹುಡುಗ ಅಭ್ಯಾಸದ ಮೇಲೆ 25 ಹೊಡೆದು ಕಳಿಸುತ್ತಾನೆ. ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ, ಒದ್ದೆಯಲ್ಲಿ ಜಾರುತ್ತದೆ. ಗೇಜು ಬೇಕು ಅಂದದ್ದು ಇದಕ್ಕೇ. ಸೈಕಲ್ ಪಂಪು ಸಾಕು, ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿ. ಎಡಬಲ ಒಂದೇ ಇರಬೇಕು.

ನೀರು. ಕಾಲಿಡುವ ಪಟ್ಟಿಗಿಂತ ಮೇಲೆ ಬರುವ ನೀರಿಗೆ ಇಳಿಸಬೇಡಿ. ಬೆಲ್ಟಿನ ಡಬ್ಬಿಗೆ ನೀರು ಹೋದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಾಗಾದರೆ ರೇಸ್ ಮಾಡಿ ಎಳೆಸಬೇಡಿ, ಡಬ್ಬಿಯ ಕೆಳಗಿನ ಬಿರಡೆ ತೆಗೆದು ನೀರು ಬಸಿಯಿರಿ.

ಮೊದಲ ಸರ್ವಿಸ್ ಸಾಮಾನ್ಯವಾಗಿ 20-25 ಗಂಟೆಗೇ ಬರುತ್ತದೆ. ಕಿಲೋಮೀಟರ್ ನೋಡುತ್ತಾ ಕೂತರೆ ತಪ್ಪಿಹೋಗುತ್ತದೆ.

ಕೆಲವು ಲಕ್ಷಣಗಳನ್ನು ಕಂಡ ತಕ್ಷಣ ನಿಲ್ಲಿಸಿ. ರಬ್ಬರ್ ಸುಟ್ಟ ವಾಸನೆ ಬಂದರೆ ಬೆಲ್ಟು. ತಿರುಗಿಸುವಾಗ ಟಕ್ ಟಕ್ ಅಂದರೆ ಆಕ್ಸಲ್ ಗಂಟು, ಬೂಟು ಹರಿದಿದೆಯಾ ನೋಡಿ. ಬ್ರೇಕ್ ಲಿವರ್ ಹ್ಯಾಂಡಲಿಗೆ ತಾಗುವಷ್ಟು ಹೋದರೆ ಗಾಡಿಯನ್ನು ಅಲ್ಲೇ ಬಿಟ್ಟು ನಡೆದು ಬನ್ನಿ. ಫ್ಯಾನ್ ನಿಲ್ಲದೆ ತಿರುಗುತ್ತಿದ್ದರೆ ರೇಡಿಯೇಟರಿನಲ್ಲಿ ಕೆಸರು ಕಟ್ಟಿದೆ.

ಜೋರು ಮಳೆಯ ಎರಡು ತಿಂಗಳು ಗಾಡಿ ಸುಮ್ನೆ ನಿಲ್ಲುವುದಾದರೆ ಬ್ಯಾಟರಿ ಬಿಚ್ಚಿಡಿ. ಕೊಟ್ಟಿಗೆಯಲ್ಲಿ ಹಿಂಡಿ ಚೀಲದ ಪಕ್ಕ ನಿಲ್ಲಿಸಬೇಡಿ. ಇಲಿ ಮೊದಲು ಚೀಲಕ್ಕೆ ಬರುತ್ತದೆ, ಆಮೇಲೆ ಸೀಟಿನಡಿಯ ವೈರಿಗೆ. ವಾರಕ್ಕೊಮ್ಮೆ ಸೀಟು ಎತ್ತಿ ನೋಡಿ.